ಒಕ್ಕೂಟದ ಬಾಗಿಲಲ್ಲಿ ಕ್ರೊಯೇಷಿಯಾ
(ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಯುರೋಪಿನ ರಾಷ್ಟ್ರಗಳು ಕೂಡಿ ಒಂದು ಒಕ್ಕೂಟ ಮಾಡಿಕೊಂಡಿವೆ. ಹೊರಗಿರುವ ಸಣ್ಣ ರಾಷ್ಟ್ರವೊಂದು ಅದರೊಳಗೆ ಹೋಗಬೇಕಾದರೆ ಏನು ತೆರಬೇಕು, ಅದನ್ನು ಯಾರು ತೆರುತ್ತಾರೆ ಎಂದು ಗಿರಣಿಯ ಗೆಳೆಯರೊಬ್ಬರು ಕೇಳಿದ್ದರು. ಬರಿಯ ತತ್ತ್ವ ಹೇಳಿದರೆ ನಿಮಗೂ ಬೇಸರ, ನಮಗೂ ಬೇಸರ. ಆದ್ದರಿಂದ ಕ್ರೊಯೇಷಿಯಾ ಎಂಬ ಒಂದೇ ದೇಶದ ಸಂಗತಿಯನ್ನು ತಮ್ಮ ಮುಂದಿಡುತ್ತೇವೆ.

ನೆಹರೂ, ನಾಸೆರ್ ಅವರೊಡನೆ ಅಲಿಪ್ತ ನೀತಿಯನ್ನು ಎತ್ತಿ ಹಿಡಿದ ಟಿಟೋ ಅವರ ಯುಗೊಸ್ಲಾವಿಯಾವನ್ನು ಹಿರಿಯರು ಬಲ್ಲರು. ಅದು ಒಡೆದಾಗ, 1991ರಲ್ಲಿ, ಕ್ರೊಯೇಷಿಯಾ ಸ್ವತಂತ್ರವೆಂದು ಸಾರಿಕೊಂಡಿತು. 1995ರವರೆಗೆ ಯುದ್ಧ. 2003ರಲ್ಲಿ ಒಕ್ಕೂಟಕ್ಕೆ ಅರ್ಜಿ ಹಾಕಿತು. ಒಳಗೆ ಕಾಲಿಟ್ಟದ್ದು 2013ರ ಜುಲೈ 1ರಂದು. ನಡುವಿನ ಹತ್ತು ವರ್ಷದ ಕಥೆಯೇ ನಮಗೆ ಬೇಕಾದದ್ದು.

ಆಗ ಒಕ್ಕೂಟದ ಕಾನೂನುಗಳನ್ನೆಲ್ಲ 35 ಅಧ್ಯಾಯಗಳಾಗಿ ವಿಂಗಡಿಸಿ ಒಂದೊಂದನ್ನೇ ತೆರೆದು ಮಾತುಕತೆ ನಡೆಸಿ ಮುಚ್ಚುತ್ತಿದ್ದರು. ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಳಗಿರುವ ಪ್ರತಿಯೊಂದು ರಾಷ್ಟ್ರದ ಒಪ್ಪಿಗೆ ಬೇಕು. ಒಬ್ಬರು ಬೇಡವೆಂದರೆ ಕಡತ ಅಲ್ಲೇ ಕೂರುತ್ತದೆ. ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆರೆಯ ಸ್ಲೊವೇನಿಯಾ 2004ರಲ್ಲೇ ಒಳಗೆ ಹೋಗಿತ್ತು. ನಾವು ಮೇಷ್ಟರಾಗಿದ್ದವರು, ನಕ್ಷೆಯಿಲ್ಲದೆ ಪಾಠ ನಡೆಯದು, ಆದರೂ ಪ್ರಯತ್ನಿಸುತ್ತೇವೆ. ಏಡ್ರಿಯಾಟಿಕ್ ಸಮುದ್ರದ ಮೇಲ್ತುದಿಯಲ್ಲಿ ಪಿರಾನ್ ಎಂಬ ಪುಟ್ಟ ಕೊಲ್ಲಿಯಿದೆ. ಒಂದು ದಡ ಸ್ಲೊವೇನಿಯಾದ್ದು, ಇನ್ನೊಂದು ಕ್ರೊಯೇಷಿಯಾದ್ದು. ಯುಗೊಸ್ಲಾವಿಯಾ ಒಂದಾಗಿದ್ದಾಗ ನೀರಿನ ಮೇಲೆ ಗೆರೆ ಎಳೆಯುವ ಅಗತ್ಯವೇ ಇರಲಿಲ್ಲ. ಸ್ಲೊವೇನಿಯಾಕ್ಕೆ ಇರುವ ಕರಾವಳಿ 50 ಕಿಲೋಮೀಟರಿಗೂ ಕಡಿಮೆ. ತೆರೆದ ಸಮುದ್ರಕ್ಕೆ ದಾರಿ ಬೇಕೆಂಬುದು ಅದರ ಹಟ. 2008ರ ಡಿಸೆಂಬರಿನಲ್ಲಿ ಅದು ಕ್ರೊಯೇಷಿಯಾದ ಅಧ್ಯಾಯಗಳನ್ನು ತಡೆದು ನಿಲ್ಲಿಸಿತು. 2009ರ ನವೆಂಬರಿನಲ್ಲಿ ಎರಡು ಕಡೆಯ ಪ್ರಧಾನಿಗಳು, ಕೊಸೊರ್ ಮತ್ತು ಪಾಹೊರ್, ಸ್ಟಾಕ್‌ಹೋಮಿನಲ್ಲಿ ಕುಳಿತು ಜಗಳವನ್ನು ಪಂಚಾಯ್ತಿಗೆ ಒಪ್ಪಿಸಿದರು. ಆ ಪಂಚಾಯ್ತಿಯೂ ಕೆಟ್ಟಿತು. ಸ್ಲೊವೇನಿಯಾ ಕಡೆಯ ಪಂಚರು ತಮ್ಮ ಸರ್ಕಾರದ ಪ್ರತಿನಿಧಿಯೊಡನೆ ಗುಟ್ಟಾಗಿ ಮಾತಾಡಿದ್ದು 2015ರಲ್ಲಿ ಬಯಲಾಯಿತು, ಕ್ರೊಯೇಷಿಯಾ ಎದ್ದು ಹೊರನಡೆಯಿತು. 2017ರಲ್ಲಿ ಕೊಲ್ಲಿಯ ಹೆಚ್ಚು ಪಾಲು ಸ್ಲೊವೇನಿಯಾಕ್ಕೆ ಎಂದು ತೀರ್ಪು ಬಂದಾಗ ಒಪ್ಪಲಿಲ್ಲ. ಆಮೇಲೆ ದಂಡದ ನೋಟೀಸು ಬಂದದ್ದು ಮಂತ್ರಿಗಳಿಗಲ್ಲ, ಬೆಸ್ತರಿಗೆ.

ಇನ್ನು ಮನೆಯೊಳಗಿನ ಸುಧಾರಣೆ. ಇದರಲ್ಲಿ ಮೆಚ್ಚಬೇಕಾದದ್ದೂ ಉಂಟು. ಲಂಚಗುಳಿಗಳನ್ನು ಹಿಡಿಯಲು ಪ್ರತ್ಯೇಕ ಅಭಿಯೋಜಕರ ಕಚೇರಿ ಇತ್ತು. ಒಕ್ಕೂಟದ ಒತ್ತಡದಿಂದ ಅದಕ್ಕೆ ಹಲ್ಲು ಬಂತು. ಸುಮಾರು ಐದೂವರೆ ವರ್ಷ ಪ್ರಧಾನಿಯಾಗಿದ್ದ ಇವೊ ಸಾನಾಡೆರ್ 2010ರ ಡಿಸೆಂಬರಿನಲ್ಲಿ ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋದರೂ ಅಲ್ಲಿ ಸೆರೆ ಸಿಕ್ಕರು, ಮುಂದೆ ಶಿಕ್ಷೆಯೂ ಆಯಿತು. ಮಾಜಿ ಪ್ರಧಾನಿ ಜೈಲು ಕಾಣುವುದು ಎಷ್ಟು ದೇಶಗಳಲ್ಲಿ ಉಂಟು?

ಆದರೆ ಹಡಗು ಕಟ್ಟುವ ಕಾರ್ಖಾನೆಗಳ ಪ್ರಶ್ನೆ ಬಂದಾಗ ಒತ್ತಡ ಬಿದ್ದದ್ದು ಬೇರೆ ಹೆಗಲ ಮೇಲೆ. ಸ್ಪ್ಲಿಟ್, ತ್ರೊಗಿರ್, ರಿಯೆಕಾ, ಕ್ರಾಲ್ಯೆವಿತ್ಸಾ ಊರುಗಳ ಬಾಳೇ ಈ ಕಾರ್ಖಾನೆಗಳು. ಅವು ನಷ್ಟದಲ್ಲಿದ್ದವು, ಸರ್ಕಾರ ಜಾಮೀನು ನಿಂತು ಸಾಲ ಕೊಡಿಸುತ್ತಿತ್ತು, ಇದನ್ನು ಮುಚ್ಚಿಡಬೇಕಾಗಿಲ್ಲ. ಸರ್ಕಾರದ ಹಣ ಉಂಡ ಕಾರ್ಖಾನೆ ಪೈಪೋಟಿಯಲ್ಲಿ ಇತರರಿಗೆ ಅನ್ಯಾಯ ಮಾಡುತ್ತದೆ, ಮಾರಿ ಅಥವಾ ಮುಚ್ಚಿ, ಎಂದಿತು ಒಕ್ಕೂಟ. 1970ರ ದಶಕದಲ್ಲಿ ಪಶ್ಚಿಮ ಯುರೋಪಿನ ಸರ್ಕಾರಗಳೇ ತಮ್ಮ ಹಡಗು ಕಾರ್ಖಾನೆಗಳಿಗೆ ಹಣ ಸುರಿದಿದ್ದವು. ಆಗ ಈ ನ್ಯಾಯ ಎಲ್ಲಿತ್ತೋ! 2009ರಲ್ಲಿ ಕ್ರೊಯೇಷಿಯಾ ಸರ್ಕಾರ ಇವನ್ನು ತಲಾ ಒಂದು ಕೂನಾಕ್ಕೆ ಹರಾಜಿಗಿಟ್ಟಿತು. ಆಗಿನ ನಮ್ಮ ಲೆಕ್ಕದಲ್ಲಿ ಹತ್ತು ರೂಪಾಯಿಯೂ ಆಗುತ್ತಿರಲಿಲ್ಲ. ಸಾಲದ ಹೊರೆ ಕಂಡು, ಆ ಬೆಲೆಗೂ ಕೊಳ್ಳುವವರು ಕೂಡಲೇ ಮುಂದೆ ಬರಲಿಲ್ಲ.

ಕ್ರಾಲ್ಯೆವಿತ್ಸಾದ ಕಾರ್ಖಾನೆ 1729ರಲ್ಲಿ ಆರಂಭವಾದದ್ದು. 1925ರಲ್ಲಿ ಟಿಟೋ ಅಲ್ಲಿ ಲೋಹದ ಕೆಲಸಗಾರರಾಗಿ ಸೇರಿ, ಬಾಕಿ ಸಂಬಳಕ್ಕಾಗಿ ಮುಷ್ಕರ ಕಟ್ಟಿದ್ದರು. 2012ರಲ್ಲಿ ಅದು ದಿವಾಳಿ. ಪೂಲಾ ಊರಿನ ಉಲ್ಯಾನಿಕ್, 1856ರದು, ಒಕ್ಕೂಟ ಸೇರಿದ ಮೇಲೂ ಏದುಸಿರು ಬಿಡುತ್ತ ಬದುಕಿತ್ತು. 2018ರಲ್ಲಿ ಸಂಬಳ ಬಾರದೆ ಅಲ್ಲಿಯ ಕಾರ್ಮಿಕರು ಬೀದಿಗಿಳಿದರು. 2019ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ದಿವಾಳಿಯೆಂದು ಸಾರಿತು. ಇದಕ್ಕೆಲ್ಲ ಒಕ್ಕೂಟವೊಂದೇ ಕಾರಣವೆಂದು ನಾವು ಹೇಳುವುದಿಲ್ಲ, ಕೆಟ್ಟ ಆಡಳಿತವೂ ಸೇರಿತ್ತು. ಆದರೆ 35 ಅಧ್ಯಾಯಗಳಲ್ಲಿ, ಕೆಲಸ ಕಳೆದುಕೊಂಡವನು ನಾಳೆ ಎಲ್ಲಿ ದುಡಿಯಬೇಕೆಂದು ಬರೆದ ಅಧ್ಯಾಯ ಇರಲಿಲ್ಲ. 2011ರ ಜನಗಣತಿಗೂ 2021ರದಕ್ಕೂ ನಡುವೆ ದೇಶದ ಜನಸಂಖ್ಯೆ ಸುಮಾರು 43 ಲಕ್ಷದಿಂದ 39 ಲಕ್ಷಕ್ಕೆ ಇಳಿಯಿತು. ಹುಟ್ಟು ಕಡಿಮೆಯಾದದ್ದೂ ಉಂಟು. ಕೆಲಸ ಹುಡುಕಿ ಜರ್ಮನಿಗೆ, ಐರ್ಲೆಂಡಿಗೆ ಹೋದವರೂ ಬಹಳ.

ಇಲ್ಲಿ ಕುಳಿತಿರುವ ವರ್ತಕ ಮಿತ್ರರಿಗೆ ಇನ್ನೊಂದು ಸಂಗತಿ. ಕ್ರೊಯೇಷಿಯಾ, ಬೋಸ್ನಿಯಾ ಎರಡೂ 2007ರಿಂದ ಒಂದು ಪ್ರಾದೇಶಿಕ ವ್ಯಾಪಾರ ಒಪ್ಪಂದದಲ್ಲಿದ್ದವು. 2013ರ ಜುಲೈ 1ರಂದು ಕ್ರೊಯೇಷಿಯಾ ಅದರಿಂದ ಹೊರಬಂತು. ಬೋಸ್ನಿಯಾದ ಹಾಲಿಗೆ ಒಕ್ಕೂಟದ ಆರೋಗ್ಯ ಪ್ರಮಾಣಪತ್ರ ಇರಲಿಲ್ಲವಾದ್ದರಿಂದ ಗಡಿಯಲ್ಲೇ ನಿಂತಿತು. ನಿನ್ನೆಯವರೆಗೆ ಕುಡಿದ ಹಾಲು ಇಂದು ಕುಡಿಯಬಾರದ್ದಾಯಿತು!

ಈಗ ಕ್ರೊಯೇಷಿಯಾ ಒಳಗಿದೆ, ಹೊರಗೆ ಕಾಯುತ್ತಿರುವುದು ಇನ್ನೊಂದು ನೆರೆಯ ದೇಶ, ಮಾಂಟೆನೆಗ್ರೊ. 2024ರ ಡಿಸೆಂಬರಿನಲ್ಲಿ ಅದರ ಒಂದು ಅಧ್ಯಾಯ ಮುಚ್ಚದಂತೆ ತಡೆದವರು ಕ್ರೊಯೇಷಿಯಾದವರೇ. ಅವರಿಬ್ಬರ ನಡುವಿನ ತಕರಾರುಗಳಲ್ಲಿ ಯುಗೊಸ್ಲಾವಿಯಾ ನೌಕಾಪಡೆಯ ಹಳೆಯ ತರಬೇತಿ ಹಡಗೂ ಒಂದು. ಅದು ತಮಗೆ ಸೇರಬೇಕಾದದ್ದು ಎನ್ನುತ್ತಾರೆ.