ಹಿಂದಿನ ಆಟದ ಋಣ



ಈ ವಿಚಾರ ಸಂಕಿರಣದ ವಿಷಯ ವಿಡಿಯೋ ಗೇಮ್ ಮತ್ತು ಕಥನ. ಅದರೊಳಗಿನ ಒಂದೇ ಪ್ರಶ್ನೆಯನ್ನು ನಾನು ಆಶಯ ಭಾಷಣಕ್ಕೆ ಆರಿಸಿಕೊಂಡಿದ್ದೇನೆ. ರೋಲ್ ಪ್ಲೇಯಿಂಗ್ ಗೇಮ್‌ನಲ್ಲಿ ಆಡುವವರೇ ಕಥೆಯ ಮುಖ್ಯ ಪಾತ್ರ. ಯಾರನ್ನು ಉಳಿಸಬೇಕು, ಯಾರಿಗೆ ಮಾತು ಕೊಡಬೇಕು, ಯಾರನ್ನು ಕೈಬಿಡಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಎರಡು ಮೂರು ವರ್ಷ ಕಳೆದು ಅದೇ ಸರಣಿಯ ಮುಂದಿನ ಆಟ ಬರುತ್ತದೆ. ಆಗ ಹಿಂದಿನ ತೀರ್ಮಾನಗಳ ಗತಿ ಏನು? ಹೊಸ ಆಟ ಅವನ್ನು ನೆನಪಿಟ್ಟುಕೊಳ್ಳಬೇಕೇ, ಮರೆಯಬೇಕೇ, ಅಥವಾ ತನಗೆ ಬೇಕಾದ ಒಂದನ್ನು ಮಾತ್ರ ನಿಜವೆಂದು ಘೋಷಿಸಬೇಕೇ?

ಇದು ಕೆನಡಾದಲ್ಲೋ ಪೋಲೆಂಡ್‌ನಲ್ಲೋ ಕಂಪ್ಯೂಟರ್ ಮುಂದೆ ಕೂತವರಿಗೆ ಮೊದಲು ಎದುರಾದ ಪ್ರಶ್ನೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾವು ಕೂತಿರುವ ಈ ನೆಲದ ಕಥೆಯನ್ನೇ ನೋಡಿ. ಬಾಗೇವಾಡಿಯ ಹುಡುಗ ಬಸವ ಜನಿವಾರ ಹಾಕಿಕೊಂಡನೋ ಇಲ್ಲವೋ? ಹರಿಹರನ ರಗಳೆಯಲ್ಲಿ ತಂದೆ ತಾಯಿ ತೀರಿಕೊಂಡ ಹುಡುಗನನ್ನು ಮುತ್ತವ್ವೆ ಸಾಕುತ್ತಾಳೆ, ಉಪನಯನ ಆಗುತ್ತದೆ, ಪ್ರಾಯಕ್ಕೆ ಬಂದ ಬಸವ ಜನಿವಾರ ಕಿತ್ತೊಗೆದು ಕಪ್ಪಡಿ ಸಂಗಮಕ್ಕೆ ನಡೆಯುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ 1369ರಲ್ಲಿ ಭೀಮಕವಿ ಕನ್ನಡದಲ್ಲಿ ಬಸವಪುರಾಣ ಬರೆದ. ಅಲ್ಲಿ ತಂದೆ ತಾಯಿ ಬದುಕಿದ್ದಾರೆ. ಎಂಟರ ಹುಡುಗ ಉಪನಯನವನ್ನೇ ಬೇಡವೆಂದು ಅಕ್ಕ ನಾಗಲಾಂಬಿಕೆಯೊಡನೆ ಮನೆ ಬಿಡುತ್ತಾನೆ. ಮುಂದೆ ಬರೆದ ಪ್ರತಿಯೊಬ್ಬ ಕವಿ, ನಾಟಕಕಾರ, ಪ್ರವಚನಕಾರ ಈ ಎರಡರಲ್ಲಿ ಒಂದನ್ನು ಹಿಡಿದು ನಡೆಯಬೇಕಾಯಿತು. ಮುತ್ತವ್ವೆಯ ಮಡಿಲಿನಿಂದ ಎದ್ದು ಹೋದ ತರುಣ ಬೇರೆ, ತಂದೆಯ ಎದುರು ನಿಂತು ಇಲ್ಲ ಎಂದ ಬಾಲಕ ಬೇರೆ. ಆದರೂ ಎರಡೂ ದಾರಿ ಸೇರುವುದು ಒಂದೇ ಸಂಗಮಕ್ಕೆ. ಘಟನೆ ಬದಲಾಯಿತು, ನಿಲುವು ಮಾತ್ರ ದಾಟಿ ಬಂತು. ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರವೆಲ್ಲ ಇಷ್ಟರಲ್ಲೇ ಇದೆ.

ಶೂನ್ಯಸಂಪಾದನೆಯ ಚರಿತ್ರೆ ಇನ್ನೂ ಹತ್ತಿರದ ನಿದರ್ಶನ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಜೋಡಿಸಿ ಸಂವಾದವಾಗಿ ಕಟ್ಟಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೋ ಇಲ್ಲವೋ ಎಂಬುದರಲ್ಲಿ ಅವರೆಲ್ಲ ಒಂದೇ ಮಾತು ಹೇಳುವುದಿಲ್ಲ. ಹಿಂದಿನವನ ಕೃತಿಯನ್ನು ಕೈಗೆ ತೆಗೆದುಕೊಳ್ಳುವುದು, ಯಾವ ಸಂಗತಿಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು, ಆ ನಿರ್ಧಾರಕ್ಕೆ ಓದುಗರ ಮುಂದೆ ಹೊಣೆಯಾಗುವುದು: ಗೇಮ್ ಸರಣಿಯೊಂದರ ಕಥೆಗಾರ ಮಾಡುವುದೂ ಈ ಕೆಲಸವನ್ನೇ.

ಇನ್ನು ಆಟಗಳ ಕಡೆ ಬರುತ್ತೇನೆ. 1981ರಲ್ಲಿ ಶುರುವಾದ ವಿಜರ್ಡ್ರಿ ಸರಣಿಯ ಎರಡನೆಯ ಆಟ ಬಂದಾಗ ಮೊದಲ ಆಟದಲ್ಲಿ ಬೆಳೆಸಿದ ಪಾತ್ರಗಳನ್ನೇ ಅದಕ್ಕೆ ಒಯ್ಯಬೇಕಿತ್ತು. ಮೂರನೆಯದರಲ್ಲಿ ಆ ಪಾತ್ರಗಳ ವಂಶಜರು ಕಣಕ್ಕಿಳಿದರು. ಆಗ ದಾಟಿ ಹೋಗುತ್ತಿದ್ದದ್ದು ಮುಖ್ಯವಾಗಿ ಪಾತ್ರದ ಬಲಾಬಲ. ಆಡುವವರ ನೈತಿಕ ತೀರ್ಮಾನವನ್ನೇ ಮೂರು ಆಟಗಳ ಉದ್ದಕ್ಕೂ ಒಯ್ಯುವ ದೊಡ್ಡ ಪ್ರಯತ್ನವನ್ನು ಮಾಡಿದ್ದು ಕೆನಡಾದ ಬಯೋವೇರ್ ಸಂಸ್ಥೆ, ತನ್ನ ಮಾಸ್ ಎಫೆಕ್ಟ್ ಸರಣಿಯಲ್ಲಿ. 2007, 2010, 2012ರಲ್ಲಿ ಬಂದ ಈ ಮೂರು ಆಟಗಳಲ್ಲಿ ಆಡುವವರ ಪಾತ್ರವಾದ ಕಮಾಂಡರ್ ಶೆಪರ್ಡ್ ಮೊದಲ ಭಾಗದಲ್ಲಿ ಏನು ಮಾಡಿದರೆಂಬುದು ಆಟವನ್ನು ಉಳಿಸಿಡುವ ಸೇವ್ ಫೈಲಿನಲ್ಲಿ ಉಳಿದು ಮುಂದಿನ ಭಾಗಕ್ಕೆ ಹೋಗುತ್ತದೆ.

ಇದರ ಕಷ್ಟ ಲೆಕ್ಕ ಹಾಕಿದರೆ ತಿಳಿಯುತ್ತದೆ. ಹೌದು ಅಥವಾ ಅಲ್ಲ ಎಂಬ ಹತ್ತು ತೀರ್ಮಾನಗಳಿದ್ದರೆ 1024 ಬೇರೆ ಬೇರೆ ಲೋಕಗಳಾಗುತ್ತವೆ. ಇಪ್ಪತ್ತಾದರೆ ಹತ್ತು ಲಕ್ಷ ದಾಟುತ್ತದೆ. ಅಷ್ಟು ಲೋಕಗಳಿಗೂ ಪ್ರತ್ಯೇಕ ಕಥೆ ಬರೆಯುವುದು, ಧ್ವನಿ ಮುದ್ರಿಸುವುದು ಯಾವ ಸಂಸ್ಥೆಯ ಕೈಲೂ ಆಗದು. ಹಾಗಾಗಿ ಒಳಗೊಳಗೇ ದಾರಿಗಳನ್ನು ಮತ್ತೆ ಕೂಡಿಸಿಬಿಡುತ್ತಾರೆ. ಮಾಸ್ ಎಫೆಕ್ಟಿನ ಮೊದಲ ಭಾಗದಲ್ಲಿ ರಾಕ್ನೈ ಎಂಬ ಕೀಟ ಜನಾಂಗದ ಕೊನೆಯ ರಾಣಿಯನ್ನು ಉಳಿಸಬೇಕೋ ಕೊಲ್ಲಬೇಕೋ ಎಂಬ ಪ್ರಶ್ನೆ ಎದುರಾಗುತ್ತದೆ. ಒಂದು ಜನಾಂಗದ ಅಳಿವು ಉಳಿವು ಆಡುವವರ ಕೈಯಲ್ಲಿದೆ. ಮೂರನೆಯ ಭಾಗಕ್ಕೆ ಬಂದರೆ, ರಾಣಿಯನ್ನು ಉಳಿಸಿದವರಿಗೆ ಅದೇ ರಾಣಿ ಸೆರೆಯಲ್ಲಿ ಸಿಗುತ್ತಾಳೆ, ಕೊಂದವರಿಗೆ ಶತ್ರುಗಳು ಹುಟ್ಟಿಸಿದ ಇನ್ನೊಬ್ಬ ರಾಣಿ ಸಿಗುತ್ತಾಳೆ. ಗುಹೆ ಅದೇ, ಕಾದಾಟ ಅದೇ, ಮತ್ತೆ ಕೇಳುವ ಪ್ರಶ್ನೆಯೂ ಅದೇ. ಬಿಡುಗಡೆಯಾದ ಮೇಲೆ ನಂಬಿಕೆ ಉಳಿಸಿಕೊಳ್ಳುತ್ತಾಳೋ ದ್ರೋಹ ಬಗೆಯುತ್ತಾಳೋ ಎಂಬಲ್ಲಿ ಮಾತ್ರ ವ್ಯತ್ಯಾಸ. ತಾವು ಮಾಡಿದ್ದಕ್ಕೆ ಬೆಲೆಯೇ ಇಲ್ಲವಾಯಿತಲ್ಲ ಎಂದು ಆಡಿದವರು ಬೇಸರಪಟ್ಟರೆ ಅದು ನ್ಯಾಯವಾದ ಬೇಸರ.

ಅದೇ ಸರಣಿಯ ರೆಕ್ಸ್ ಎಂಬ ಪಾತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕ್ರೋಗನ್ ಎಂಬ ಯೋಧ ಜನಾಂಗದವನು. ಆ ಜನಾಂಗದಲ್ಲಿ ಮಕ್ಕಳು ಹುಟ್ಟಿ ಉಳಿಯದಂತೆ ಪರರು ರೋಗ ಹರಡಿದ್ದಾರೆ. ಮೊದಲ ಭಾಗದಲ್ಲಿ ಅವನೊಡನೆ ಜಗಳ ತುದಿಗೇರಿದಾಗ ಅವನನ್ನು ಸಮಾಧಾನ ಮಾಡಿ ಉಳಿಸಿಕೊಳ್ಳಬಹುದು, ಅವನು ಸಾಯುವಂತೆಯೂ ಆಗಬಹುದು. ಉಳಿದರೆ ಮೂರನೆಯ ಭಾಗದಲ್ಲಿ ಅವನು ತನ್ನ ಜನರ ನಾಯಕ, ಸತ್ತಿದ್ದರೆ ಅವನ ಸೋದರ ರೀವ್ ನಾಯಕ. ಈಗ ರೋಗಕ್ಕೆ ಔಷಧಿ ಕೊಡುವಂತೆ ನಟಿಸಿ ಮೋಸ ಮಾಡುವ ಅವಕಾಶ ಬರುತ್ತದೆ. ರೀವ್‌ಗೆ ಆ ಮೋಸ ಗೊತ್ತೇ ಆಗುವುದಿಲ್ಲ. ರೆಕ್ಸ್‌ಗೆ ಗೊತ್ತಾಗುತ್ತದೆ, ಅವನು ಬಂದು ಮುಖಾಮುಖಿ ನಿಂತು ಕೇಳುತ್ತಾನೆ. ಜೊತೆಯಲ್ಲಿ ಹೋರಾಡಿದವನು, ನೀವು ಉಳಿಸಿದವನು, ನಿಮ್ಮನ್ನು ನಂಬಿದವನು ಬಂದು ಕೇಳಿದಾಗ ಉತ್ತರ ಹೇಳುವುದು ಸುಲಭವಲ್ಲ. ರಾಣಿಯ ಪ್ರಸಂಗದಲ್ಲಿ ದಾಟಿ ಬಂದದ್ದು ಒಂದು ಮಾಹಿತಿ. ಇಲ್ಲಿ ದಾಟಿ ಬಂದದ್ದು ಒಂದು ಋಣ. ನೆನಪಿನಲ್ಲಿ ಉಳಿಯುವುದು ಎರಡನೆಯದೇ.

ಇನ್ನೊಂದು ಸಣ್ಣ ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ಕಾನ್ರಾಡ್ ವರ್ನರ್ ಎಂಬ ಅಭಿಮಾನಿ ಮೊದಲ ಭಾಗದಲ್ಲಿ ಶೆಪರ್ಡ್ ಬೆನ್ನು ಹತ್ತುತ್ತಾನೆ. ಅವನೊಡನೆ ಪ್ರೀತಿಯಿಂದ ಮಾತಾಡಬಹುದು, ಪಿಸ್ತೂಲು ತೋರಿಸಿ ಬೆದರಿಸಲೂಬಹುದು. ಪ್ರೋಗ್ರಾಮಿನ ತಪ್ಪಿನಿಂದ ಎರಡನೆಯ ಭಾಗದಲ್ಲಿ ಅವನು ಎಲ್ಲರಿಗೂ ಒಂದೇ ದೂರು ಹೇಳಿದ, ನೀವು ನನ್ನ ಮುಖಕ್ಕೆ ಪಿಸ್ತೂಲು ಹಿಡಿದಿರಿ ಎಂದು. ಪ್ರೀತಿಯಿಂದ ಮಾತಾಡಿಸಿದವರೂ ಈ ಆರೋಪ ಹೊರಬೇಕಾಯಿತು. ಮೂರನೆಯ ಭಾಗದಲ್ಲಿ ಕಥೆಗಾರರು ಆ ತಪ್ಪನ್ನು ಮುಚ್ಚಿಡಲಿಲ್ಲ. ಹಾಗೆ ಹೇಳಿದ್ದು ತಪ್ಪಾಯಿತು, ಆಗ ಮನಸ್ಸು ಸರಿ ಇರಲಿಲ್ಲ ಎಂದು ಕಾನ್ರಾಡನ ಬಾಯಲ್ಲೇ ಕ್ಷಮೆ ಕೇಳಿಸಿದರು. ಎರಡು ನಿಮಿಷದ ಆ ಸಂಭಾಷಣೆಯಲ್ಲಿ ಆಡುವವರ ನೆನಪಿಗೆ ತೋರಿದ ಗೌರವ ದೊಡ್ಡದು. ನಿಮ್ಮ ನೆನಪೇ ಸರಿ, ನಮ್ಮ ದಾಖಲೆ ತಪ್ಪು ಎಂದು ಒಪ್ಪಿಕೊಂಡ ಹಾಗಾಯಿತು.

ಹಳೆಯ ಸೇವ್ ಫೈಲ್ ಕಳೆದುಹೋಗಿದ್ದರೆ, ಅಥವಾ ಹೊಸ ಆಟವನ್ನು ಬೇರೆ ಯಂತ್ರದಲ್ಲಿ ಆಡುತ್ತಿದ್ದರೆ? ಮಾಸ್ ಎಫೆಕ್ಟ್ 2 ಪ್ಲೇಸ್ಟೇಷನ್ 3 ಯಂತ್ರಕ್ಕೆ ಬಂದಾಗ ಆ ಯಂತ್ರಕ್ಕೆ ಮೊದಲ ಭಾಗವೇ ಬಂದಿರಲಿಲ್ಲ. ಒಂದು ಚಿತ್ರಕಥೆ ತೋರಿಸಿ ನಡುನಡುವೆ ತೀರ್ಮಾನ ಕೇಳಿದರು. ಡ್ರ್ಯಾಗನ್ ಏಜ್ ಸರಣಿಗೆ 2014ರಲ್ಲಿ ಕೀಪ್ ಎಂಬ ವ್ಯವಸ್ಥೆ ಬಂತು. ಮುನ್ನೂರಕ್ಕೂ ಹೆಚ್ಚು ತೀರ್ಮಾನಗಳನ್ನು ಅಲ್ಲಿ ಒಂದೊಂದಾಗಿ ಗುರುತಿಸಬಹುದಿತ್ತು. ಶ್ರಮ ದೊಡ್ಡದು, ಆದರೆ ಅರ್ಜಿ ನಮೂನೆ ತುಂಬಿದ ಹಾಗೆ ಆಯಿತೇ ಹೊರತು ನೆನಪಾಗಲಿಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ತನ್ನ ವಿಚರ್ 3ರಲ್ಲಿ, 2015ರಲ್ಲಿ, ಇದನ್ನೇ ಕಥೆಯೊಳಗೆ ತಂದಿತು. ಚಕ್ರವರ್ತಿಯ ದರ್ಶನಕ್ಕೆ ಮೊದಲು ನಾಯಕ ಗೆರಾಲ್ಟ್ ಕ್ಷೌರಕ್ಕೆ ಕೂತಿದ್ದಾನೆ. ಕತ್ತಿನ ಮೇಲೆ ಕತ್ತಿ ಆಡುತ್ತಿರುವಾಗಲೇ ಸೇನಾಪತಿಯೊಬ್ಬ ವಿಚಾರಣೆ ಮಾಡುತ್ತಾನೆ: ಅಂದು ಯಾರ ಪಕ್ಷ ಹಿಡಿದೆ, ಆ ಕೊಲೆಗಾರನನ್ನು ಏನು ಮಾಡಿದೆ? ಕೊಟ್ಟ ಉತ್ತರವೇ ಮುಂದಿನ ಲೋಕದ ಸತ್ಯವಾಗುತ್ತದೆ. ಹಿಂದಿನ ಆಟ ಆಡದವರಿಗೂ ಆ ಗಳಿಗೆಯಲ್ಲಿ ತಮಗೊಂದು ಹಿನ್ನೆಲೆ ಇದೆ ಎನಿಸುತ್ತದೆ. ಈವರೆಗೆ ಬಂದ ಉಪಾಯಗಳಲ್ಲಿ ಇದೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಡ್ಯಾಗರ್‌ಫಾಲ್ ಎಂಬ 1996ರ ಆಟ ಇನ್ನೂ ಧೈರ್ಯದ ದಾರಿ ಹಿಡಿಯಿತು. ಅದಕ್ಕೆ ಹಲವು ಅಂತ್ಯಗಳಿದ್ದವು. ಅದೇ ಸರಣಿಯ ಮುಂದಿನ ಆಟಗಳು ಅವೆಲ್ಲವೂ ಒಟ್ಟಿಗೇ ನಡೆದವು, ಕಾಲವೇ ಅಲ್ಲಿ ಮುರಿಯಿತು ಎಂದು ಹೇಳಿದವು. ಬಸವನ ಎರಡು ಬಾಲ್ಯಗಳನ್ನೂ ಕಾಪಾಡಿಕೊಂಡು ಬಂದ ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಇದಕ್ಕೆ ತೀರ ವಿರುದ್ಧವಾದ ನಡೆ 2024ರ ಡ್ರ್ಯಾಗನ್ ಏಜ್: ದ ವೇಲ್‌ಗಾರ್ಡ್ ಆಟದ್ದು. ಹಿಂದಿನ ಮೂರು ಆಟಗಳ ಲೋಕದಿಂದ ಅದು ಕೇಳಿದ್ದು ಮೂರೇ ತೀರ್ಮಾನ. ಹತ್ತು ವರ್ಷ ಕಾದವರಿಗೆ ನೋವಾಯಿತು. ಸಂಖ್ಯೆ ಕಡಿಮೆ ಮಾಡಿದ್ದು ತಪ್ಪಲ್ಲ ಎನ್ನುತ್ತೇನೆ ನಾನು. ಆದರೆ ಉಳಿದದ್ದರ ಬಗ್ಗೆ ಆ ಲೋಕ ಬಾಯಿಯೇ ಬಿಡದಿದ್ದರೆ ಅಲ್ಲಿ ಬದುಕಿದವರಿಗೆ ತಾವು ಪರಕೀಯರು ಎನಿಸುತ್ತದೆ.

ಹಾಗಾದರೆ ಏನನ್ನು ದಾಟಿಸಬೇಕು? ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ ಹೋಗಿ ಬಂದವರು ಇಲ್ಲಿ ಅನೇಕರಿದ್ದೀರಿ. ಕಲ್ಯಾಣದ ಕ್ರಾಂತಿಯ ನಂತರ ಬಸವಣ್ಣ ಕೂಡಲಸಂಗಮದಿಂದ ಹಡಪದ ಅಪ್ಪಣ್ಣನನ್ನು ಕಳಿಸಿ ಪತ್ನಿ ನೀಲಾಂಬಿಕೆಗೆ ಬರಹೇಳಿದ ಎಂದು ಪರಂಪರೆ ಹೇಳುತ್ತದೆ. ಆಕೆ ತಂಗಡಗಿಯವರೆಗೆ ಬಂದಳು, ಬಸವಣ್ಣ ಐಕ್ಯನಾದ ಸುದ್ದಿ ಕೇಳಿ ಅಲ್ಲೇ ಐಕ್ಯಳಾದಳು. ಅಲ್ಲಿದ್ದ ದೇವರು ಇಲ್ಲಿಲ್ಲವೇ ಎಂಬ ಧೈರ್ಯ ಆಕೆಯದು. ಆ ಒಂದು ತೀರ್ಮಾನದಿಂದಾಗಿ ಇಂದಿಗೂ ಕೃಷ್ಣೆಯ ಆಚೆ ದಡದಲ್ಲಿ ಆತನ ನೆಲೆ, ಈಚೆ ದಡದಲ್ಲಿ ಆಕೆಯ ಗುಡಿ. ಎರಡೂ ಕಡೆ ಕೈಮುಗಿಯಲು ಜನ ಹೊಳೆ ದಾಟುತ್ತಾರೆ. ಆಯ್ಕೆಯೊಂದು ಲೋಕದಲ್ಲಿ ಉಳಿಯುವುದು ಹೀಗೆ: ಒಂದು ಗುಡಿ, ಒಂದು ದಾರಿ, ಜನ ಹೆಸರು ಹಿಡಿದು ಕರೆಯುವ ಬಗೆ. ಆಟ ಕಟ್ಟುವವರು ಇದನ್ನು ನೋಡಿ ಕಲಿಯಬೇಕು. ಮುಂದಿನ ಭಾಗದಲ್ಲಿ ಇಡೀ ರಾಜ್ಯವನ್ನು ಬದಲಿಸಬೇಕಾಗಿಲ್ಲ. ನೀವು ಉಳಿಸಿದವರ ಮನೆಯಲ್ಲಿ ನಿಮ್ಮನ್ನು ಮಾತಾಡಿಸುವ ರೀತಿ ಬದಲಾಗಲಿ, ಕೈಬಿಟ್ಟವರ ಓಣಿಯಲ್ಲಿ ನೀರು ಕೇಳಿದರೆ ಬಾಗಿಲು ತೆರೆಯದಿರಲಿ.

ಕೇಳುಗರ ಪಾಲೂ ಇದರಲ್ಲಿದೆ. ಹಳೆಯ ಇಂಡಿ ತಾಲೂಕಿನ ಹಲಸಂಗಿ ಲಾವಣಿಗೆ ಹೆಸರಾದ ಊರು, ಮಧುರಚೆನ್ನರ ಗೆಳೆಯರ ಗುಂಪು 1931ರಲ್ಲಿ ಗರತಿಯ ಹಾಡು ಸಂಕಲನವನ್ನು ಹೊರತಂದ ಊರು. ಈ ಭಾಗದ ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡಿನ ಪರ, ನಾಗೇಶಿಯವರು ಹೆಣ್ಣಿನ ಪರ ನಿಂತು ದಪ್ಪು ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು ಜವಾಬು ಹಾಡುತ್ತಾರೆ. ಹಿಡಿದ ಪಕ್ಷವನ್ನು ಬೆಳಗಿನ ತನಕ ಬಿಡುವ ಹಾಗಿಲ್ಲ. ಬಿಟ್ಟರೆ ಜಮಖಾನದ ಮೇಲೆ ಕೂತ ಅಜ್ಜ ಸುಮ್ಮನಿರುವುದಿಲ್ಲ. ಕಥೆಯ ಲೆಕ್ಕ ಇಡುವವನು ಅವನೇ. ವಿಡಿಯೋ ಗೇಮ್ ಆಡುವವರು ಅದೇ ಅಜ್ಜನ ಮೊಮ್ಮಕ್ಕಳು. ಅವರಿಗೆ ಕಥೆ ಅರ್ಥವಾಗುವುದಿಲ್ಲ ಎಂದು ತಿಳಿಯುವ ಹಿರಿಯರಿಗೆ ನನ್ನ ವಿನಂತಿ, ಒಮ್ಮೆ ಪಕ್ಕದಲ್ಲಿ ಕೂತು ಅವರು ಒಂದು ತೀರ್ಮಾನಕ್ಕೆ ಎಷ್ಟು ಹೊತ್ತು ಯೋಚಿಸುತ್ತಾರೆ ನೋಡಿ.

ಕೊನೆಯದಾಗಿ ಒಂದು ಪ್ರಸ್ತಾವ. ಕನ್ನಡದಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಮ್ಮ ಈ ನಾಲ್ಕು ತಾಲೂಕುಗಳ ನೆಲದಲ್ಲಿ, ಮೂರು ಭಾಗದ ಒಂದು ಚಿಕ್ಕ ಆಟವನ್ನು ನಾವು ಕಟ್ಟಬೇಕು. ಮೊಬೈಲಿನಲ್ಲಿ ಓದುತ್ತ ಆಡುವಂಥದ್ದಾದರೆ ಸಾಕು, ದೊಡ್ಡ ಬಂಡವಾಳ ಬೇಡ. ಮೊದಲ ಭಾಗ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ನಡೆಯಲಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ 945ರ ಶಾಸನ ಅಲ್ಲಿಯ ವಿದ್ಯಾಶಾಲೆಯನ್ನೂ ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳನ್ನೂ ಹೆಸರಿಸುತ್ತದೆ. ಎರಡನೆಯ ಭಾಗ 12ನೆಯ ಶತಮಾನದ್ದು: ಬಾಗೇವಾಡಿ, ತಂಗಡಗಿ, ಕುರಿ ಕಾಯುವ ಗೊಲ್ಲಾಳನ ಕಥೆ ಉಳಿದಿರುವ ಸಿಂದಗಿ ತಾಲೂಕಿನ ಗೋಲಗೇರಿ. ಮೂರನೆಯದು 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಬಿಟ್ಟವರದ್ದು. ಸಾಲೋಟಗಿಯಲ್ಲಿ ಯಾರಿಗೆ ಅನ್ನ ಹಾಕಿದಿರಿ, ಯಾರನ್ನು ಶಾಲೆಯ ಹೊರಗೆ ನಿಲ್ಲಿಸಿದಿರಿ ಎಂಬುದು ಸಾವಿರ ವರ್ಷದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ನಿಮ್ಮ ಪಕ್ಕದ ಪ್ಲಾಟಿಗೆ ಬರುವವರು ಯಾರು ಎಂಬುದನ್ನು ನಿರ್ಧರಿಸಲಿ. ಭಾಗವೊಂದಕ್ಕೆ ಮೂರಕ್ಕಿಂತ ಹೆಚ್ಚು ಆಯ್ಕೆ ದಾಟಿಸಬೇಡಿ. ದಾಟಿಸಿದ ಒಂದೊಂದೂ ಯಾವುದಾದರೊಬ್ಬ ಮನುಷ್ಯನ ಬಾಯಲ್ಲಿ ಬರಲಿ.

ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕೂತು ಊರೂರಿನ ತಾಳೆಗರಿ ತರಿಸಿ 1923ರಲ್ಲಿ ವಚನಶಾಸ್ತ್ರಸಾರ ಪ್ರಕಟಿಸಿದಾಗ ಅವರ ಹಿಂದೆ ಯಾವ ದೊಡ್ಡ ಸಂಸ್ಥೆಯೂ ಇರಲಿಲ್ಲ. ನಮ್ಮಲ್ಲಿ ಇಂದು ಕಾಲೇಜುಗಳಿವೆ, ಲ್ಯಾಬುಗಳಿವೆ, ಆಡುವ ಸಾವಿರಾರು ಮಕ್ಕಳಿದ್ದಾರೆ. ಸಂಕಿರಣ ಮುಗಿಯುವುದರೊಳಗೆ ಪ್ರತಿ ತಾಲೂಕಿನಿಂದ ಕನ್ನಡ ವಿಭಾಗದ ಒಬ್ಬರು, ಗಣಕ ವಿಭಾಗದ ಒಬ್ಬರು ಜೊತೆಯಾಗಿ ಕೂತು, ತಮ್ಮ ಊರಿನ ಕಥೆಯಿಂದ ಮೂರು ಆಯ್ಕೆಗಳನ್ನೂ ಅವು ಮುಂದಿನ ಭಾಗದಲ್ಲಿ ಯಾರ ಬಾಯಲ್ಲಿ ಬರುತ್ತವೆ ಎಂಬುದನ್ನೂ ಬರೆದು ಸಂಚಾಲಕರ ಕೈಗೆ ಕೊಡಿ. ಕೆಲಸ ಅಲ್ಲಿಂದ ಶುರುವಾಗಲಿ.