ಚೀಟಿ ಬರೆಯುವ ಮುನ್ನ ರಾತ್ರಿಯ ವಿಚಾರ ಕೇಳಿ

ಇಂದಿನಿಂದ ಡಾಕ್ಟರ್ ಎನ್ನಿಸಿಕೊಳ್ಳುವ ಯುವಮಿತ್ರರೇ,

ನಿಮ್ಮಲ್ಲಿ ಹಲವರು ಸದ್ಯದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರುತ್ತೀರಿ. ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಅಲ್ಲಿಗೆ ಬರುವವರು ಕಡಿಮೆ. ‘ಸುಸ್ತು, ಊಟ ಸೇರಲ್ಲ, ನಿದ್ದೆ ಹತ್ತಲ್ಲ, ಒಂದು ನಿದ್ದೆ ಮಾತ್ರೆ ಬರ್ಕೊಡಿ ಡಾಕ್ಟ್ರೇ’ ಎನ್ನುವವರೇ ಹೆಚ್ಚು. ಆಲ್‌ಪ್ರಜೋಲಮ್ ಬರೆದು ಕಳಿಸಲು ಅರ್ಧ ನಿಮಿಷ ಸಾಕು. ಅಂದು ನಿದ್ದೆಯೂ ಬಂದೀತು. ಆದರೆ ಖಿನ್ನತೆ ಇದ್ದಲ್ಲೇ ಇರುತ್ತದೆ. ವಾರಗಳು ಉರುಳಿದರೆ ಮಾತ್ರೆಯಿಲ್ಲದೆ ಮಲಗಲಾಗದ ಪಾಡೂ ಅದಕ್ಕೆ ಸೇರಿಕೊಳ್ಳುತ್ತದೆ.

ಖಿನ್ನತೆಯ ಔಷಧಿಗಳು ಹುಟ್ಟಿದ್ದೇ ರೋಗಿಯನ್ನು ಕಣ್ಣಿಟ್ಟು ನೋಡಿದ್ದರಿಂದ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಕೊಟ್ಟ ಇಪ್ರೊನಿಯಜಿಡ್ ರೋಗಿಗಳನ್ನು ಗೆಲುವಾಗಿಸಿತು. ಸ್ಕಿಜೋಫ್ರೇನಿಯಾದಲ್ಲಿ ಸೋತ ಇಮಿಪ್ರಮಿನ್ ಖಿನ್ನತೆಯಲ್ಲಿ ಫಲ ಕೊಡುವುದನ್ನು ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ 1957ರಲ್ಲಿ ಪ್ರಕಟಿಸಿದರು. ಸಿದ್ಧಾಂತ ಬಂದದ್ದು ಆಮೇಲೆ.

ಆ ಸಿದ್ಧಾಂತವಿನ್ನೂ ಪೂರ್ಣವಾಗಿಲ್ಲ. ನರಕೋಶ ಹೊರಬಿಟ್ಟ ಸೆರೊಟೋನಿನ್ ಮತ್ತೆ ಒಳಸೇರುವುದನ್ನು ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ತಡೆಯುತ್ತವೆ. ವೆನ್ಲಾಫ್ಯಾಕ್ಸಿನ್, ಡ್ಯುಲಾಕ್ಸೆಟಿನ್‌ಗಳು ನಾರ್‌ಅಡ್ರಿನಲಿನ್ನನ್ನೂ ಹಾಗೆಯೇ ತಡೆಯುತ್ತವೆ. ಈ ತಡೆ ಗಂಟೆಗಳಲ್ಲೇ ಆಗುತ್ತದೆ, ಮನಸ್ಸು ತಿಳಿಯಾಗಲು ವಾರಗಳು ಬೇಕು. ಸೆರೊಟೋನಿನ್ ಕಡಿಮೆಯಾಗಿದೆ, ತುಂಬಿದರಾಯಿತು ಎಂಬ ವಿವರಣೆ ಸಾಲದು.

ಹಾಗಾದರೆ ಆಯ್ಕೆ ಹೇಗೆ? ಸಾಮಾನ್ಯ ಖಿನ್ನತೆಯಲ್ಲಿ ಇವುಗಳ ಶಕ್ತಿಯಲ್ಲಿ ಅಂಥ ದೊಡ್ಡ ಅಂತರವಿಲ್ಲ, ಅಂತರವಿರುವುದು ಅಡ್ಡಪರಿಣಾಮಗಳಲ್ಲಿ. ನಿದ್ದೆಗೆಟ್ಟ ರೋಗಿಗೆ ಅದೇ ದಾರಿ ತೋರಿಸುತ್ತದೆ. ಮಿರ್ಟಜಪೈನ್ ಹಿಸ್ಟಮಿನ್ ಗ್ರಾಹಕಗಳನ್ನು ಮುಚ್ಚಿ ನಿದ್ದೆ ತರುತ್ತದೆ, ಹಸಿವು ಹೆಚ್ಚಿಸುತ್ತದೆ. ಊಟ ಬಿಟ್ಟು ಸೊರಗಿದವರಿಗೆ ಅದು ಒಗ್ಗುತ್ತದೆ. ಸಕ್ಕರೆ ಕಾಯಿಲೆಯ ಸ್ಥೂಲಕಾಯದವರಿಗೆ ಕೊಡುವಾಗ ಯೋಚಿಸಿ. ಟ್ರಾಜೊಡೋನ್ 50 ಮಿಲಿಗ್ರಾಮಿನಲ್ಲಿ ನಿದ್ದೆ ಕೊಡುತ್ತದೆ, ಆದರೆ ಖಿನ್ನತೆಗೆ ಆ ಪ್ರಮಾಣ ಸಾಲದು. ಎದ್ದು ನಿಂತಾಗ ತಲೆಸುತ್ತೂ ಬರಬಹುದು. ಅಮಿಟ್ರಿಪ್ಟಿಲಿನ್ ಅಗ್ಗ, ನಿದ್ದೆಯೂ ಬರುತ್ತದೆ. ಆದರೆ ವೃದ್ಧರಲ್ಲಿ ಮೂತ್ರ ಕಟ್ಟಬಹುದು, ಗೊಂದಲ ಹುಟ್ಟಿಸಬಹುದು. ಸಾಯುವ ಯೋಚನೆಯಿರುವವರು ಒಟ್ಟಿಗೆ ನುಂಗಿದರೆ ಹೃದಯವನ್ನೇ ನಿಲ್ಲಿಸೀತು. ಫ್ಲುಆಕ್ಸೆಟಿನ್ ಕೊಡುವುದಾದರೆ ಬೆಳಗ್ಗೆ ಕೊಡಿ. ರಾತ್ರಿ ಕೊಟ್ಟರೆ ಇರುವ ನಿದ್ದೆಯೂ ಹೋಗಬಹುದು.

ಇದಕ್ಕೂ ಮೊದಲು ರಾತ್ರಿಯ ವಿಚಾರ ಕೇಳಿ. ನಿದ್ದೆ ಹತ್ತುವುದೇ ಇಲ್ಲವೋ, ನಸುಕಿನಲ್ಲೇ ಎಚ್ಚರವಾಗುತ್ತದೋ? ಗೊರಕೆಯಿದೆಯೇ? ಕುಡಿತವಿದೆಯೇ? ಹಿಂದೆಂದಾದರೂ ದಿನಗಟ್ಟಲೆ ನಿದ್ದೆಯಿಲ್ಲದೆಯೂ ದಣಿಯದೆ, ಮಿತಿಮೀರಿದ ಹುರುಪಿನಲ್ಲಿದ್ದರೇ? ಹಾಗಿದ್ದರೆ ಅದು ಬೈಪೋಲಾರ್ ಇರಬಹುದು. ಖಿನ್ನತೆಯ ಔಷಧಿಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳೀತು. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 25 ವರ್ಷದೊಳಗಿನವರನ್ನು ಔಷಧಿ ಶುರುವಾದ ಮೊದಲ ವಾರಗಳಲ್ಲಿ ಮತ್ತೆ ಮತ್ತೆ ಕರೆಸಿ ನೋಡಿ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ದೆಯ ಅಭ್ಯಾಸ ತಿದ್ದುವ ವರ್ತನಾ ಚಿಕಿತ್ಸೆ ಎಂಬುದೂ ನೆನಪಿರಲಿ.

ಚೀಟಿ ಕೊಡುವಾಗ ಮೂರು ಮಾತು ಹೇಳಿ: ನಿದ್ದೆ ಮೊದಲು ಸುಧಾರಿಸಬಹುದು, ಮನಸ್ಸಿಗೆ ಕೆಲವು ವಾರ ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಔಷಧಿ ಮುಂದುವರಿಯಬೇಕು. ನಿಲ್ಲಿಸುವುದಾದರೆ ನಮ್ಮನ್ನು ಕೇಳಿ, ಹಂತಹಂತವಾಗಿ ನಿಲ್ಲಿಸಬೇಕು.

ಕೊನೆಯದಾಗಿ, ಈ ಕಾಯಿಲೆ ಬಿಳಿ ಕೋಟು ನೋಡಿ ಹಿಂದೆ ಸರಿಯುವುದಿಲ್ಲ. ನೈಟ್ ಡ್ಯೂಟಿ, ಪರೀಕ್ಷೆಗಳ ಒತ್ತಡದ ನಡುವೆ ನಿಮಗೇ ನಿದ್ದೆ ಕೆಟ್ಟು ಬದುಕು ಬೇಸರವಾದರೆ, ನಿಮ್ಮ ಚೀಟಿಯನ್ನು ನೀವೇ ಬರೆದುಕೊಳ್ಳಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ರೋಗಿಗಳಿಗಿರುವಷ್ಟೇ ವೈದ್ಯರಿಗೂ ಇದೆ. ಕೇಳಿಸಿಕೊಳ್ಳುವ ವೈದ್ಯರಾಗಿ, ಹೇಳಿಕೊಳ್ಳಲು ಅಂಜದ ವೈದ್ಯರೂ ಆಗಿ.