ಎಂಜಿನ್ ನಿಂತರೆ ಎಲ್ಲಿ ಇಳೀತೀರಿ?

ಇವತ್ತು ರಾಜಕೀಯ ಬೇಡ, ಗಾಳಿಯ ಬಗ್ಗೆ ಮಾತಾಡೋಣ.

2020ರ ಅಕ್ಟೋಬರ್. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರ. ಪ್ಯಾರಾಮೋಟರ್ ಒಂದು ಸಮುದ್ರಕ್ಕೆ ಬಿತ್ತು. ಪೈಲಟ್ ಬದುಕಿದರು. ಜೊತೆಯಲ್ಲಿ ಹಾರಿದ್ದ ನೌಕಾಪಡೆಯ ಅಧಿಕಾರಿ ಬದುಕಲಿಲ್ಲ. ಸಮುದ್ರದಲ್ಲೇ ಸೇವೆ ಮಾಡಿದ ಮನುಷ್ಯ, ದಡದ ಹತ್ತಿರವೇ ಹೋದರು. ಸುದ್ದಿ ಹಳೆಯದಾಯ್ತು. ಆದರೆ ರಜೆ ಬಂದಾಗೆಲ್ಲ ಮಕ್ಕಳನ್ನು ಕರ್ಕೊಂಡು ಬೀಚ್‌ಗೆ ಹೋಗೋರು ನಾವೇ ಅಲ್ವಾ? ಅದಕ್ಕೇ ಹೇಳ್ತಿದ್ದೀನಿ.

ಮೊದಲು ಈ ಯಂತ್ರ ಏನು ಅಂತ ತಿಳ್ಕೊಳ್ಳಿ. ಮೇಲೆ ಬಟ್ಟೆಯ ರೆಕ್ಕೆ, ಅದರಿಂದ ಇಳಿದ ಸಣ್ಣ ಹಗ್ಗಗಳು, ಬೆನ್ನಿಗೆ ಸುಮಾರು 20-30 ಕಿಲೋ ತೂಕದ ಎಂಜಿನ್, ಹಿಂದೆ ತಿರುಗೋ ಫ್ಯಾನು. ಇಬ್ಬರು ಹಾರುವಾಗ ಎಷ್ಟೋ ಕಡೆ ಮೂರು ಗಾಲಿಯ ಬಂಡಿ ಇರುತ್ತೆ. ಆದರೆ ನಿಮ್ಮನ್ನು ಮೇಲೆ ಹಿಡಿದಿಡೋದು ಎಂಜಿನ್ ಅಲ್ಲ, ರೆಕ್ಕೆ. ಎಂಜಿನ್ ನಿಂತರೂ ಪ್ಯಾರಾಮೋಟರ್ ಕಲ್ಲಿನ ಹಾಗೆ ಬೀಳಲ್ಲ, ತೇಲಿಕೊಂಡು ಇಳಿಯುತ್ತೆ. ಪ್ರಶ್ನೆ ಒಂದೇ: ಇಳಿಯೋದು ಎಲ್ಲಿ?

ಬಲ್ಲ ಪೈಲಟ್ ಹಾರುವಷ್ಟು ಹೊತ್ತೂ ಇದೇ ಪ್ರಶ್ನೆ ಕೇಳ್ಕೊಳ್ತಾನೆ. ಈಗ ಎಂಜಿನ್ ಕೆಟ್ಟರೆ ಆ ಬಯಲು ಸಿಗುತ್ತಾ, ಈ ಮರಳು ಸಿಗುತ್ತಾ ಅಂತ. ಸಿಗಲ್ಲ ಅನ್ನೋ ಕಡೆಗೆ ಅವನು ಹೋಗೋದೇ ಇಲ್ಲ. ನೀರಿನ ಮೇಲಂತೂ ಈ ಲೆಕ್ಕ ಇನ್ನೂ ಕಟ್ಟುನಿಟ್ಟು. ಯಾಕೆ ಗೊತ್ತಾ? ನೀರಿಗೆ ಬಿದ್ದರೆ ಎಂಜಿನ್ ಭಾರ ಕೆಳಗೆ ಎಳೆಯುತ್ತೆ, ಹಗ್ಗಗಳು ಕೈಕಾಲಿಗೆ ಸುತ್ತಿಕೊಳ್ಳುತ್ತವೆ, ಸೊಂಟ, ತೊಡೆಗೆ ಕಟ್ಟಿದ ಪಟ್ಟಿಗಳು ಬಿಡಲ್ಲ. ಈಜು ಬಂದರೂ ಅಷ್ಟೇ. ಲೈಫ್ ಜಾಕೆಟ್, ಹಗ್ಗ ಕತ್ತರಿಸೋ ಚಾಕು, ದಡದಲ್ಲಿ ಸಿದ್ಧವಾಗಿ ನಿಂತ ದೋಣಿ, ಇವು ಶೋಕಿಗೆ ಇರೋದಲ್ಲ.

ಇನ್ನು ಏರುವ ಹೊತ್ತು. ಗಾಳಿಗೆ ಎದುರಾಗಿಯೇ ಓಡಬೇಕು. ರೆಕ್ಕೆ ತಲೆಯ ಮೇಲೆ ನೆಟ್ಟಗೆ ನಿಂತಿದೆಯಾ, ಹಗ್ಗ ಸಿಕ್ಕಿಲ್ಲ ತಾನೇ ಅಂತ ನೋಡಿಯೇ ಪೂರ್ತಿ ವೇಗ ಕೊಡಬೇಕು. ಒಂಚೂರು ವಾಲಿದರೂ ಎಂಜಿನ್ ಆರಿಸಿ ನಿಲ್ಲಿಸೋದೇ ಜಾಣತನ. ಕಾಲು ನೆಲ ಬಿಟ್ಟ ತಕ್ಷಣ ಕೂತುಬಿಡೋದು, ಬ್ರೇಕ್ ಹಗ್ಗವನ್ನು ಗಟ್ಟಿಯಾಗಿ ಎಳೆದುಬಿಡೋದು, ಎರಡೂ ಅಪಾಯ. ಅತಿಯಾಗಿ ಎಳೆದರೆ ರೆಕ್ಕೆ ಗಾಳಿಯ ಹಿಡಿತವನ್ನೇ ಕಳ್ಕೊಳ್ಳುತ್ತೆ. ತಿರುಗೋ ಫ್ಯಾನಿನ ಹತ್ತಿರ ಯಾರೂ ಸುಳಿಯಬಾರದು. ನೆಲದ ಮೇಲೇ ಬೆರಳು ಕಳ್ಕೊಂಡವರಿದ್ದಾರೆ.

ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು ಗಾಳಿ ಕುದಿಯುತ್ತೆ. ಅದಕ್ಕೇ ಬೆಳಿಗ್ಗೆ, ಸಂಜೆ ಹಾರೋದು. ಆದರೆ ಬೆಳಗಿನ ಜಾವ ಕರಾವಳಿಯಲ್ಲಿ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸೋದುಂಟು. ಎಂಜಿನ್ ನಿಂತರೆ ವಾಪಸ್ ದಡಕ್ಕೆ ಬರೋದು ಕಷ್ಟ. ಗುಡ್ಡ, ಕಟ್ಟಡದ ಹಿಂಬದಿಯಲ್ಲಿ ಗಾಳಿ ಸುಳಿಯಾಗಿ ತಿರುಗುತ್ತೆ, ರೆಕ್ಕೆಯನ್ನೇ ಮಡಚಿಬಿಡಬಹುದು. ಒಂದೇ ಬೀಚ್, ಬೆಳಿಗ್ಗೆ ಒಂದು ಗಾಳಿ, ಸಂಜೆ ಇನ್ನೊಂದು.

2022ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಾಯು ಕ್ರೀಡಾ ನೀತಿ ತಂದಿತು. ಪ್ಯಾರಾಮೋಟರ್ ಕೂಡ ಅದರೊಳಗೆ ಬರುತ್ತೆ. ಒಳ್ಳೆಯದೇ. ಆದರೆ ದೆಹಲಿಯ ಕಾಗದ ನಿಮ್ಮ ತೊಡೆಯ ಪಟ್ಟಿ ಬಿಗಿಯಲ್ಲ ಸ್ವಾಮಿ! ಅದನ್ನು ನೀವೇ ನೋಡ್ಕೋಬೇಕು.

ದುಡ್ಡು ಕೊಡೋ ಮುಂಚೆ ಕೇಳಿ. ಪೈಲಟ್ ಎಲ್ಲಿ ತರಬೇತಿ ಪಡೆದಿದ್ದು? ಇಬ್ಬರನ್ನು ಹಾರಿಸೋ ಅನುಮತಿ ಇದೆಯಾ? ಮೀಸಲು ಪ್ಯಾರಾಚೂಟ್, ಹೆಲ್ಮೆಟ್ ಇದೆಯಾ? ದೋಣಿ ಎಲ್ಲಿ? ಎಂಜಿನ್ ನಿಂತರೆ ಎಲ್ಲಿ ಇಳಿಸ್ತೀರಿ? ಕೊನೆಯ ಪ್ರಶ್ನೆಗೆ ಬೆರಳು ತೋರಿಸಿ ಉತ್ತರ ಕೊಟ್ಟರೆ ಹಾರಿ. 'ಏನೂ ಆಗಲ್ಲ ಸಾರ್' ಅಂತ ನಕ್ಕರೆ, ಮಗು ಎಷ್ಟೇ ಹಟ ಮಾಡಲಿ, ಮಸಾಲೆ ಮಂಡಕ್ಕಿ ಕೊಡಿಸಿ ಮನೆಗೆ ಕರ್ಕೊಂಡು ಬನ್ನಿ.

ಆಕಾಶ ಎಲ್ಲೂ ಓಡಿಹೋಗಲ್ಲ. ಗಾಳಿ ಸರಿಯಿಲ್ಲದ ದಿನ 'ಇವತ್ತು ಬೇಡ' ಅನ್ನುವವನೇ ನಿಜವಾದ ಪೈಲಟ್. ಅಂಥವನನ್ನು ಬೈಯಬೇಡಿ, ನಾಳೆ ಮತ್ತೆ ಬರ್ತೀವಿ ಅಂತ ಹೇಳಿ.